ಮಾಸ್ಟರ ಬೆರಳು

ಅತ್ತೆಗೆ ತಮ್ಮದೆಂಬ ಒಂದು ಫೋಟೋ ಇರಲಿಲ್ಲ.

ಕಟ್ಟಿಕೊಂಡದ್ದು ಫೋಟೋಗ್ರಾಫರನನ್ನು. ಮೂವತ್ತೆಂಟು ವರ್ಷದ ಸಂಸಾರ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಅಡುಗೆಮನೆಯ ಹಿಂದಿನ ಉಗ್ರಾಣವೇ ಕತ್ತಲೆಕೋಣೆ. ಮುಂದಿನ ಕೋಣೆಯ ಗೋಡೆಯಲ್ಲಿ ಊರಿನ ಅರ್ಧ ಜನ ಕಪ್ಪು ಬಿಳುಪಾಗಿ ನೇತಾಡುತ್ತಿದ್ದರು. ಹಲ್ಲು ಬಿಗಿಹಿಡಿದ ವಕೀಲರು, ಕೊರಳು ಉದ್ದ ಮಾಡಿದ ಮದುಮಕ್ಕಳು, ಎಂದೋ ಸತ್ತ ಪೊಲೀಸ್ ಅಧಿಕಾರಿಯೊಬ್ಬನ ಇನ್ನೂ ಸಾಯದ ಮೀಸೆ. ಇವರೆಲ್ಲರ ಗಾಜನ್ನು ಅತ್ತೆ ವಾರಕ್ಕೊಮ್ಮೆ ಒರೆಸುತ್ತಿದ್ದರು.

ಹಾಗೆಂದು ಅತ್ತೆ ಕ್ಯಾಮೆರಾದ ಮುಂದೆ ಕೂತೇ ಇರಲಿಲ್ಲ ಎಂದಲ್ಲ. ಸಾವಿರ ಸಲ ಕೂತಿದ್ದರು. ದೊಡ್ಡ ಗಿರಾಕಿ ಬರುವ ಮೊದಲು ಮಾವ ಒಳಗೆ ಮುಖ ಮಾಡಿ ಕೂಗುತ್ತಿದ್ದರು: "ಏ, ಬಾ ಇಲ್ಲಿ, ಬೆಳಕು ನೋಡ್ಬೇಕು." ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ದೀಪ ಆಚೆ ಸರಿಯಿತು, ಈಚೆ ಸರಿಯಿತು, ಮೂಗಿನ ನೆರಳು ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು. ಕ್ಯಾಮೆರಾದೊಳಗೆ ರೀಲು ಇರುತ್ತಿರಲಿಲ್ಲ. "ಆಯ್ತು, ಏಳು. ಒಲೆ ಮೇಲೆ ಏನೋ ಸೀಯ್ತಿದೆ."

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಕೇಳಿದ್ದಳು, ಅತ್ತೆಯ ಫೋಟೋ ಯಾಕೆ ಒಂದೂ ಇಲ್ಲ ಅಂತ.

"ಅವಳ ಮುಖದಲ್ಲಿ ತೆಗೆಯೋಕೆ ಏನಮ್ಮ ಇದೆ?" ಅಂದಿದ್ದರು ಮಾವ, ಊಟದ ತಟ್ಟೆಯಿಂದ ತಲೆ ಎತ್ತದೆ. "ಹಣೆಯಿಂದ ಗಲ್ಲದವರೆಗೂ ಒಂದೇ ಬಣ್ಣ. ಕಾಂಟ್ರಾಸ್ಟೇ ಇಲ್ಲ."

ಬಡಿಸುತ್ತಿದ್ದವರು ಅತ್ತೆಯೇ. ಮಾತು ಮುಗಿಯುವವರೆಗೆ ಸೌಟು ಹಿಡಿದು ನಿಂತಿದ್ದು, ಆಮೇಲೆ ಬಡಿಸಿದರು.

ಊರು ಮಾವನನ್ನು ಮಾಸ್ಟರು ಎನ್ನುತ್ತಿತ್ತು. ಅವರ ಫೋಟೋದಲ್ಲಿ ಕಪ್ಪು ಎಂದರೆ ಇದ್ದಿಲು, ಬಿಳಿ ಎಂದರೆ ಸುಣ್ಣ. ಬೆಳಕು ಅಳೆಯುವ ಮೀಟರನ್ನು ಅವರು ಕುರುಡರ ಕೋಲು ಎಂದು ಕರೆಯುತ್ತಿದ್ದರು. ಮುಖ್ಯರಸ್ತೆಯ ಕಲರ್ ಸ್ಟುಡಿಯೋದವನು ಅವರ ಲೆಕ್ಕದಲ್ಲಿ ಬಣ್ಣ ಬಳಿಯುವವನು, ಫೋಟೋಗ್ರಾಫರನಲ್ಲ. ಎಲ್ಲಕ್ಕಿಂತ ಹೆಚ್ಚು ತಿರಸ್ಕಾರ ಥರ್ಮಾಮೀಟರಿನ ಮೇಲೆ. ರೀಲು ತೊಳೆಯುವ ಡೆವಲಪರನ್ನು ಬೆರೆಸುವ ನೀರು ಇಪ್ಪತ್ತು ಡಿಗ್ರಿ ಇರಬೇಕು. ಬಿಸಿ ಹೆಚ್ಚಾದರೆ ರೀಲು ಕಪ್ಪಾಗುತ್ತದೆ, ಕಡಿಮೆಯಾದರೆ ಪೇಲವ. ಮಾಸ್ಟರು ಬಲಗೈ ತೋರುಬೆರಳನ್ನು ಜಗ್ಗಿನಲ್ಲಿ ಅದ್ದಿ, ಸೂರು ನೋಡುತ್ತ ಮೂರು ಎಣಿಸಿ, "ಹೂಂ" ಎನ್ನುತ್ತಿದ್ದರು. ಬಂದ ಗಿರಾಕಿಗಳಿಗೆಲ್ಲ ಆ ಬೆರಳಿನ ಕಥೆ ಹೇಳುತ್ತಿದ್ದರು. ಕೆಲವರು ಬೆರಳನ್ನು ನೋಡಿ ಹೋಗುತ್ತಿದ್ದದ್ದೂ ಉಂಟು.

ಸೊಸೆಗೆ ಹಾಲಿನ ಡೈರಿಯಲ್ಲಿ ಕೆಲಸ. ಬಂದ ಕ್ಯಾನುಗಳಿಗೆಲ್ಲ ಥರ್ಮಾಮೀಟರು ಇಳಿಬಿಟ್ಟು, ಬಿಸಿ ಎಷ್ಟು, ನೀರು ಎಷ್ಟು ಎಂದು ಬರೆಯುವುದು. ಅಂಥವಳ ಎದುರು ಬೆರಳಿನ ಕಥೆ ಎಷ್ಟು ದಿನ ನಡೆದೀತು? ಅವಳು ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಮೇಲೇಳುತ್ತಿತ್ತು. ಮಾಸ್ಟರು ಅದನ್ನು ಕಂಡಿದ್ದರು, ಅವಳಿಗೆ ‘ಡೈರಿ’ ಎಂದು ಹೆಸರಿಟ್ಟಿದ್ದರು. ಅವಳ ಗಂಡ ಬಸ್ ಡಿಪೋದಲ್ಲಿ ಗುಮಾಸ್ತ. ಏನು ಕೇಳಿದರೂ "ನೋಡೋಣ" ಎನ್ನುವವನು. ಮಾವನ ಮೇಲೆ ಅವಳಿಗಿದ್ದದ್ದು ಸಿಟ್ಟು. ಗಂಡನ ಮೇಲೆ ಅದೂ ಉಳಿದಿರಲಿಲ್ಲ.

ಚಳಿಗಾಲದ ಮೊದಲಿಗೆ ಅತ್ತೆಯ ಎಡದವಡೆ ಊದಿತು. ಹಲ್ಲು ಎಂದು ಎರಡು ತಿಂಗಳು ಲವಂಗ ಇಟ್ಟುಕೊಂಡರು. ಕೊನೆಗೆ ಸೊಸೆಯೇ ರಜೆ ಹಾಕಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎಕ್ಸ್‌ರೇಗಳನ್ನು ದೀಪಕ್ಕೆ ಹಿಡಿದು, ಗಡ್ಡೆಯಿದೆ, ಮೂಳೆ ತೆಗೆಯಬೇಕು, ಇನ್ನು ಮೂರು ವಾರದಲ್ಲಿ ಬನ್ನಿ ಅಂದರು.

"ಮುಖ ಸ್ವಲ್ಪ ಬದಲಾಗುತ್ತೆ."

"ಸ್ವಲ್ಪ ಅಂದ್ರೆ?" ಅಂದಳು ಸೊಸೆ.

ಡಾಕ್ಟರು ತಮ್ಮ ಮುಖದ ಎಡಭಾಗವನ್ನು ಕಿವಿಯಿಂದ ಗಲ್ಲದವರೆಗೆ ಅಂಗೈಯಲ್ಲಿ ಮುಚ್ಚಿ ತೋರಿಸಿದರು.

ಮನೆಯಲ್ಲಿ ಮಾಸ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲರೂ ಅವರ ಬಾಯಿ ನೋಡುತ್ತ ನಿಂತರು.

"ಚೆನ್ನಾಗಿ ತೊಳೆದಿದ್ದಾರೆ," ಅಂದರು. "ಕೆಲಸ ಗೊತ್ತಿರೋನು."

"ಮಾವ, ಅದು ಅತ್ತೆ ದವಡೆ."

"ಗೊತ್ತಮ್ಮ ಡೈರಿ. ನನಗೆ ಕಣ್ಣಿದೆ."

ಆ ದಿನ ಊಟಕ್ಕೆ ಕೂತಾಗ ಅತ್ತೆ ಬಾಯಿಬಿಟ್ಟರು. ಆ ಮನೆಯಲ್ಲಿ ಅವರು ತಮಗಾಗಿ ಏನನ್ನಾದರೂ ಕೇಳಿದ್ದು ಸೊಸೆ ಕಂಡಂತೆ ಅದೇ ಮೊದಲು.

"ನಂದೊಂದು ಫೋಟೋ ತೆಗೀರಿ. ಮುಖ ಇರೋವಾಗ."

ಮಾಸ್ಟರು ತುತ್ತು ಕೈಯಲ್ಲಿ ಹಿಡಿದೇ ಇದ್ದರು.

"ಕಲರ್ ಸ್ಟುಡಿಯೋಗೆ ಹೋಗಿ ಬರೋಣ ಅತ್ತೆ, ನಾಳೇನೇ," ಅಂದಳು ಸೊಸೆ. "ಅರ್ಧ ಗಂಟೆ ಕೆಲಸ."

"ನನ್ನ ಹೆಂಡತಿ ಫೋಟೋನ ಆ ಬಣ್ಣ ಬಳಿಯೋನು ತೆಗೀಬೇಕಾ? ಊರು ಎಲ್ಲಿಂದ ನಗುತ್ತೆ ಗೊತ್ತಾ?"

"ಹಾಗಾದ್ರೆ ನೀವು ತೆಗೀರಿ. ಮೂವತ್ತೆಂಟು ವರ್ಷ ಪುರುಸೊತ್ತಿರಲಿಲ್ವಲ್ಲ."

"ಏ, ಸುಮ್ನಿರು," ಎಂದ ಗಂಡ. "ನೋಡೋಣ."

"ನೀವು ನೋಡ್ತಾನೇ ಇರಿ."

ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ ಅಜ್ಜಿಯ ಕಡೆ ತಿರುಗಿ, "ಅಜ್ಜಿ, ನಗ್ತಾ ತೆಗೆಸ್ಕೋ," ಅಂದಳು. ಅತ್ತೆ ಅಲ್ಲೇ ನಕ್ಕು ತೋರಿಸಿದರು. ನಗು ಬಲಗಡೆಗೆ ಮಾತ್ರ ಹೋಯಿತು.

ಮೊದಲ ವಾರ ಬೆಳಕು ಸರಿಯಿಲ್ಲ ಎಂದು ಕಳೆಯಿತು. ಎರಡನೇ ವಾರ ಮಾಸ್ಟರು ದಿನಕ್ಕೆ ಹತ್ತು ಸಲ ಅತ್ತೆಯ ಮುಖ ನೋಡುತ್ತ ಓಡಾಡಿದರು. ಪಾತ್ರೆ ತಿಕ್ಕುವಾಗ ನೋಡಿದರು, ಕಾಳು ಆರಿಸುವಾಗ ನೋಡಿದರು. "ಎಡಕ್ಕೆ ತಿರುಗು. ಅಷ್ಟಲ್ಲ." ಅತ್ತೆ ತಿರುಗುತ್ತಿದ್ದರು. ಕೆಲಸ ನಿಲ್ಲುತ್ತಿರಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಉಕ್ಕಿತು. ಪಕ್ಕದಲ್ಲಿದ್ದ ಮಾಸ್ಟರು ಬರಿಗೈಯಲ್ಲಿ ಪಾತ್ರೆಯ ಕಂಠ ಹಿಡಿದು, ಅವಸರವಿಲ್ಲದೆ ಎತ್ತಿ ಕೆಳಗಿಟ್ಟರು.

"ತಾತ, ಸುಡಲ್ವಾ?" ಅಂದಳು ಪುಟ್ಟಿ.

"ಕೆಲಸ ಮಾಡಿದ ಕೈ ಕಣೆ ಇದು. ನಿಮ್ಮಪ್ಪನ ಕೈ ಅಲ್ಲ."

ಸಂಜೆ ಡೈರಿಯಿಂದ ಬಂದ ಸೊಸೆ ನೋಡುತ್ತಾಳೆ, ಮಾವನ ತೋರುಬೆರಳಿನ ತುದಿಯಲ್ಲಿ ದ್ರಾಕ್ಷಿಯಷ್ಟು ದಪ್ಪ ಬೊಬ್ಬೆ. ಅದೇ ಬೆರಳಲ್ಲಿ ಅವರು ಉಪ್ಪು ನೆಕ್ಕುತ್ತಿದ್ದರು. ಮಾವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವಳು ಒಳಗೆ ಹೋಗಿ ಒಂದು ಲೋಟ ನೀರು ಕಾಯಿಸಿ, ಚೀಲದಿಂದ ಥರ್ಮಾಮೀಟರು ತೆಗೆದು ಅದ್ದಿ, ಐವತ್ತು ಡಿಗ್ರಿ ಮಾಡಿ ಹೊರಗೆ ತಂದಳು.

"ಮಾವ, ಈ ನೀರು ಕುಡಿಯೋಕೆ ಸರಿ ಇದೆಯಾ ನೋಡಿ. ನಿಮ್ಮ ಬೆರಳಿಗೆ ಗೊತ್ತಾಗುತ್ತಲ್ಲ."

ಅವಳ ದನಿಯ ವ್ಯಂಗ್ಯ ಅವರಿಗೆ ತಿಳಿಯಲಿಲ್ಲ. ಖುಷಿಯೇ ಆಯಿತು. ಬೆರಳು ಅದ್ದಿದರು, ಸೂರು ನೋಡಿದರು, ಮೂರು ಎಣಿಸಿದರು.

"ತಣ್ಣಗಿದೆಯಲ್ಲಮ್ಮ. ಇನ್ನಷ್ಟು ಕಾಯಿಸು."

ರೂಮಿಗೆ ಹೋಗಿ ಅವಳು ಗಂಡನಿಗೆ ಹೇಳಿದಳು: "ನಿಮ್ಮಪ್ಪನ ಬೆರಳು ಸತ್ತು ಯಾವ ಕಾಲ ಆಯ್ತೋ. ಆ ಬೆರಳು ನಂಬ್ಕೊಂಡು ಅತ್ತೆ ರೀಲು ತೊಳೀತಾರೆ."

"ಮೊನ್ನೆ ತಾನೇ ಸೇತುವೆ ಕಂಟ್ರಾಕ್ಟರ್ ಫೋಟೋ ತೊಳೆದ್ರಲ್ಲ, ಚೆನ್ನಾಗೇ ಬಂದಿತ್ತು?"

ಅದು ನಿಜವಾಗಿತ್ತು. ಸೊಸೆಗೆ ಅರ್ಥವಾಗಲಿಲ್ಲ.

"ನೋಡೋಣ," ಅಂದ ಗಂಡ.

ಮೂರನೇ ವಾರ, ಆಸ್ಪತ್ರೆ ಸೇರಲು ಎರಡು ದಿನವಿದ್ದಾಗ, ಇಡೀ ಬೆಳಿಗ್ಗೆ ಮೋಡ ಕಟ್ಟಿತು. ಮಾಸ್ಟರು ಸ್ಟುಡಿಯೋದ ದೀಪಗಳನ್ನು ಮುಟ್ಟಲಿಲ್ಲ. ಕ್ಯಾಮೆರಾವನ್ನು ಅಡುಗೆಮನೆಗೆ ತಂದರು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕದ ಕಿಟಕಿಯ ಕೆಳಗೆ ಸ್ಟೂಲು ಹಾಕಿ, "ಬಾ, ಕೂತ್ಕೋ," ಅಂದರು. ಅತ್ತೆ ಕೂತು, ಅಭ್ಯಾಸಬಲದಿಂದ ಮೂಗನ್ನು ದೀಪವಿರಬೇಕಾದ ಕಡೆಗೆ ತಿರುಗಿಸಿದರು.

"ಬೆಳಕು ನೋಡೋದಲ್ಲ ಇವತ್ತು," ಅಂದರು ಮಾಸ್ಟರು. "ರೀಲು ಹಾಕಿದೀನಿ."

ಅವರು ಕೆಲಸ ಮಾಡುವುದನ್ನು ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಒಪ್ಪಬೇಕಾದ್ದನ್ನು ಒಪ್ಪಬೇಕು, ಕಣ್ಣು ಸತ್ತಿರಲಿಲ್ಲ. ಮೀಟರಿಲ್ಲದೆ, ಕಿಟಕಿಯ ಬೆಳಕನ್ನೊಮ್ಮೆ ಅತ್ತೆಯ ಕೆನ್ನೆಯನ್ನೊಮ್ಮೆ ನೋಡಿ, ಲೆನ್ಸಿನ ಉಂಗುರ ತಿರುಗಿಸುತ್ತಿದ್ದರು. ಪುಟ್ಟಿ ಕೇಳುತ್ತ ಹೋದಳು, ಅವರು ಹೇಳುತ್ತ ಹೋದರು.

"ರೀಲಿಗೆ ಬೆಳಕನ್ನ ಒಂದು ಪಟ್ಟು ಜಾಸ್ತಿ ಕುಡಿಸ್ತೀನಿ. ಆಮೇಲೆ ತೊಳೆಯೋವಾಗ ಕಡಿಮೆ ಹೊತ್ತು ಬಿಡ್ತೀನಿ. ಆಗ ನೆರಳಿನೊಳಗೂ ಚರ್ಮ ಕಾಣುತ್ತೆ, ಹಣೆ ಸುಣ್ಣ ಆಗಲ್ಲ. ಕಪ್ಪಿಗೂ ಬಿಳಿಗೂ ನಡುವೆ ಇರೋದೆಲ್ಲ ಸಿಗುತ್ತೆ."

"ಮುಂಚೆ ಯಾಕೆ ತಾತ ಹಾಗೆ ತೆಗೀತಿರ್ಲಿಲ್ಲ?"

"ಗಿರಾಕಿಗೆ ನಡುವೆ ಇರೋದು ಯಾಕೆ ಬೇಕು? ಮೂಗು ಎದ್ದು ಕಾಣ್ಬೇಕು, ಮೀಸೆ ಎದ್ದು ಕಾಣ್ಬೇಕು. ಮುಖದೊಳಗೆ ಇನ್ನೇನಾದ್ರೂ ಕಂಡ್ರೆ ದುಡ್ಡು ಕೊಡಲ್ಲ."

ಹನ್ನೆರಡು ಚಿತ್ರದ ಮೂರು ರೀಲು ಮುಗಿಸಿದರು. ಅತ್ತೆ ಕೂತದ್ದು, ಕಿಟಕಿಯಾಚೆ ನೋಡಿದ್ದು, ಕೂದಲು ಬಿಚ್ಚಿ ಕಟ್ಟಿಕೊಂಡದ್ದು. ಎರಡನೇ ರೀಲಿನಲ್ಲಿ ಬೆಕ್ಕು ಕಿಟಕಿಗೆ ಹಾರಿ ಒಂದು ಚಿತ್ರ ತನ್ನದು ಮಾಡಿಕೊಂಡಿತು. ಕೊನೆಯದೊಂದು ಉಳಿದಾಗ ಪುಟ್ಟಿ, "ನಾನು ಒತ್ತುತ್ತೀನಿ, ನೀನೂ ಹೋಗು ತಾತ," ಎಂದು ಹಟ ಹಿಡಿದಳು. ಮಾಸ್ಟರು ಬೈಯುತ್ತಲೇ ಹೋಗಿ ಸ್ಟೂಲಿನ ಹಿಂದೆ ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಅತ್ತೆಯ ಭುಜದ ಮೇಲಿಟ್ಟರು. ಊರಿನ ಗಂಡ ಹೆಂಡಿರನ್ನೆಲ್ಲ ಅವರು ಹಾಗೆಯೇ ನಿಲ್ಲಿಸುತ್ತಿದ್ದದ್ದು. ಪುಟ್ಟಿ ಒತ್ತಿದಳು.

"ನನ್ನ ಮುಖದಲ್ಲಿ ಏನಾದ್ರೂ ಸಿಕ್ತಾ?" ಅಂದರು ಅತ್ತೆ.

"ತೊಳೆದ ಮೇಲೆ ಹೇಳ್ತೀನಿ."

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಬಟ್ಟೆ ಜೋಡಿಸುತ್ತಿದ್ದಾಗ ಅತ್ತೆ ಬಾಗಿಲು ಮುಂದೆ ಮಾಡಿ ಸೊಸೆಯನ್ನು ಪಕ್ಕಕ್ಕೆ ಕರೆದರು.

"ನಾನು ಬರೋವರೆಗೆ ಅವರು ರೀಲು ತೊಳೆಯೋದು ಬೇಡ ಅನ್ನು. ಕೇಳಲ್ಲ ಅವರು, ನನಗೆ ಗೊತ್ತು. ಕೇಳದೆ ಹೋದ್ರೆ ನೀರು ನೀನಿಡು."

"ನೀರು ಅಂದ್ರೆ?"

"ಐದು ವರ್ಷ ಆಯ್ತು. ಒಂದು ಮದುವೆ ರೀಲು ಪೂರ್ತಿ ಕರ್ರಗೆ ಬಂತು. ಆವಾಗ್ಲೇ ನನಗೆ ಗೊತ್ತಾಯ್ತು, ಇವರ ಬೆರಳಿಗೆ ಬಿಸಿ ತಿಳೀತಿಲ್ಲ ಅಂತ. ಆವತ್ತಿಂದ ನೀರು ನಾನೇ ಹದ ಮಾಡಿ ಬಾಗಿಲ ಹತ್ರ ಇಡ್ತೀನಿ. ಅವರು ಬೆರಳು ಅದ್ದಿ ‘ಹೂಂ’ ಅಂತಾರೆ."

"ನಿಮಗೆ ಇಪ್ಪತ್ತು ಡಿಗ್ರಿ ಹೇಗೆ ಗೊತ್ತಾಗುತ್ತೆ ಅತ್ತೆ?"

ಅತ್ತೆ ಮಣಿಕಟ್ಟಿನ ಒಳಭಾಗ ತೋರಿಸಿದರು. "ಮಗೂಗೆ ಹಾಲು ಕೊಡೋವಾಗ ನೋಡಲ್ವಾ, ಹಾಗೆ. ಅವರ ಬೆರಳು ನೆಟ್ಟಗಿದ್ದ ಕಾಲದಲ್ಲಿ ನಾನು ತಂದ ನೀರು ಬಿಸಿ ಆಯ್ತು, ತಣ್ಣಗಾಯ್ತು ಅಂತ ಎಷ್ಟು ಬೈಸಿಕೊಂಡಿದೀನಿ. ಬೈಸಿಕೊಂಡು ಬೈಸಿಕೊಂಡು ಕಲಿತೆ."

"ಅವರಿಗೆ ಹೇಳ್ಬೇಕಿತ್ತು."

"ಹೇಳಿ ಏನು ಮಾಡ್ಲಿ? ಫೋಟೋ ಚೆನ್ನಾಗಿ ಬಂದ್ರೆ ಸಾಕಲ್ವ? ನೀನೂ ಅಷ್ಟೆ. ನೀರಿಡು, ಸುಮ್ನೆ ಬಂದ್ಬಿಡು."

ಶುಕ್ರವಾರ ಆಪರೇಷನ್ ಆಯಿತು. ಸುತ್ತಿದ ಬಟ್ಟೆಯೊಳಗಿಂದ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ನೋಡಿ ಬಂದ ಮಾಸ್ಟರು ಶನಿವಾರವಿಡೀ ಸ್ಟುಡಿಯೋ ತೆರೆಯಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಿ ತೋಳು ಮಡಚಿ, "ನೀರಿಡು," ಅಂದರು.

"ಅತ್ತೆ ಬರಲಿ ಮಾವ. ಎಂಟು ದಿನ ತಾನೆ."

"ರೀಲು ಏನು ನಿನ್ನ ಹಾಲೇನಮ್ಮ, ಅವಳಿಗೋಸ್ಕರ ಕಾಯಿಸಿಡೋಕೆ? ಅವಳು ಬರೋವಾಗ ಗೋಡೆ ಮೇಲಿರ್ಬೇಕು. ಇಡು ನೀರು."

ಆ ಮಾತು ಸೊಸೆಗೂ ತಪ್ಪೆನ್ನಿಸಲಿಲ್ಲ. ಒಲೆಯ ಮೇಲೆ ಒಂದು ಕೆಟಲ್ ನೀರು ಕಾಯಿಸಿದಳು. ಅದರಿಂದ ಒಂದಿಷ್ಟನ್ನು ನಲ್ಲಿಯ ನೀರಿಗೆ ಬೆರೆಸಿ, ಥರ್ಮಾಮೀಟರು ಇಳಿಬಿಟ್ಟು, ಹನಿ ಹನಿ ಸೇರಿಸಿ ಇಪ್ಪತ್ತಕ್ಕೆ ತಂದಳು. ಡೈರಿಯಲ್ಲೂ ಇಷ್ಟು ಜಾಗ್ರತೆಯಿಂದ ಎಂದೂ ಮಾಡಿರಲಿಲ್ಲ. ಜಗ್ಗನ್ನು ಕತ್ತಲೆಕೋಣೆಯ ಬಾಗಿಲಲ್ಲಿಟ್ಟಳು. ಥರ್ಮಾಮೀಟರನ್ನು ತೆಗೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಕೈ ಅದರ ಮೇಲೆ ಹೋಗಿತ್ತು, ಹಿಂದೆ ತೆಗೆದುಕೊಂಡಳು. ಒಂದು ಸಲ ಮಾವ ನೋಡಲಿ ಎಂದಿತ್ತು ಅವಳಿಗೆ. ಅತ್ತೆ ಐದು ವರ್ಷ ಮುಚ್ಚಿಟ್ಟದ್ದನ್ನು ಇವಳ ಕೈಲಿ ಐದು ನಿಮಿಷ ಮುಚ್ಚಿಡಲಾಗಲಿಲ್ಲ.

ಮಾಸ್ಟರು ಬಂದರು, ಬಗ್ಗಿದರು, ನಿಂತರು.

"ಏನಿದು? ನನ್ನ ನೀರಿಗೆ ಜ್ವರವೇನು?"

"ಇಪ್ಪತ್ತಿದೆ ಮಾವ. ಕೂದಲೆಳೆ ಆಚೀಚೆ ಇಲ್ಲ. ಹಾಗೇ ತಗೊಂಡು ಹೋಗಿ."

"ನಲವತ್ತು ವರ್ಷದಿಂದ ರೀಲು ತೊಳೀತಿದೀನಿ. ಹಾಲಿಗೆ ನೀರು ಹಾಕಿದಾರಾ ಅಂತ ನೋಡೋ ಕಡ್ಡಿ ತಂದು ನನ್ನ ಜಗ್ಗಲ್ಲಿ ಇಟ್ಟಿದೀಯ!" ಥರ್ಮಾಮೀಟರನ್ನು ಎತ್ತಿ ಕಲ್ಲಿನ ಮೇಲೆ ಎಸೆದು, ಜಗ್ಗಿನ ನೀರನ್ನೆಲ್ಲ ಬಚ್ಚಲಿಗೆ ಸುರಿದರು.

ಸೊಸೆಗೆ ತಡೆಯಲಾಗಲಿಲ್ಲ. "ನಿಮ್ಮ ಬೆರಳಿಗೆ ಏನೂ ಗೊತ್ತಾಗಲ್ಲ ಮಾವ! ಮೊನ್ನೆ ನಾನು ಕೊಟ್ಟ ನೀರು ಐವತ್ತು ಡಿಗ್ರಿ ಇತ್ತು, ತಣ್ಣಗಿದೆ ಅಂದ್ರಿ. ಐದು ವರ್ಷದಿಂದ ನೀರು ಹದ ಮಾಡ್ತಿರೋದು ಅತ್ತೆ. ನೀವು ಬರೀ ಬೆರಳು ನೆನೆಸ್ತಿದ್ದದ್ದು!"

ಪುಟ್ಟಿ ಅಪ್ಪನ ಹಿಂದೆ ಸರಿದಳು. ಮಾಸ್ಟರು ತಮ್ಮ ಬೆರಳನ್ನು ನೋಡಿಕೊಂಡರು. ಬೊಬ್ಬೆ ಒಡೆದು ಸಿಪ್ಪೆ ಕಟ್ಟಿತ್ತು. ಆ ಕ್ಷಣ ಯಾರಾದರೂ ಬಾಯಿಮುಚ್ಚಿಕೊಂಡಿದ್ದರೆ ಅವರು ಏನು ಮಾಡುತ್ತಿದ್ದರೋ ಹೇಳಲಾಗದು.

"ಅಮ್ಮ ಬರಲಿ ಬಿಡಪ್ಪ," ಅಂದ ಮಗ. "ಆಮೇಲೆ ನೋಡೋಣ."

"ನಿಮ್ಮಮ್ಮ ಬಂದು ನನಗೆ ಕೆಲಸ ಕಲಿಸ್ಬೇಕೇನೋ?"

ಒಲೆಯ ಮೇಲಿಂದ ಕೆಟಲನ್ನೂ ಜಗ್ಗನ್ನೂ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಸೊಸೆ ಬಾಗಿಲು ತಟ್ಟಿದಳು.

"ಮಾವ, ತಪ್ಪಾಯ್ತು, ಬಾಗಿಲು ತೆಗೀರಿ. ಆ ನೀರು ಹಾಕ್ಬೇಡಿ."

"ರೀಲು ಹೊರಗಿದೆ," ಅಂದಿತು ಒಳಗಿನ ದನಿ. "ತೆಗೆದ್ರೆ ಬೆಳಕು ಬೀಳುತ್ತೆ. ತೆಗೀಲಾ?"

ಅವಳು ಕೈ ಇಳಿಸಿದಳು. ಮುರಿಯುವ ಹಾಗೆಯೂ ಇಲ್ಲ, ಬಿಡುವ ಹಾಗೆಯೂ ಇಲ್ಲ. ಒಳಗೆ ನೀರು ಬೆರೆಸುವ ಸದ್ದು ಕೇಳಿತು. ಜಗ್ಗಿಗೆ ನಲ್ಲಿಯ ನೀರು, ಮೇಲೆ ಕೆಟಲಿನದು. ಸ್ವಲ್ಪ ಹೊತ್ತು ಸದ್ದಿಲ್ಲ. ಬೆರಳು ಅದ್ದಿರಬೇಕು. ಮತ್ತೆ ಕೆಟಲಿನದು. ಮತ್ತೆ ಸದ್ದಿಲ್ಲ. ಮತ್ತೆ ಕೆಟಲಿನದು.

"ಹೂಂ," ಅಂದರು ಮಾಸ್ಟರು, ಹೊರಗೆ ಕೇಳುವ ಹಾಗೆ.

ಮೂರು ರೀಲನ್ನೂ ಒಂದೇ ಸಲ ತೊಳೆಯುವ ಡಬ್ಬಿಗೆ ಹಾಕಿದ್ದರು. ಅದು ಅವರ ಇನ್ನೊಂದು ಹೆಮ್ಮೆ. ಮುಕ್ಕಾಲು ಗಂಟೆಯಾದ ಮೇಲೆ ಚಿಲಕ ತೆಗೆದು, ಬೆಳಗಿನ ಬೆಳಕಿಗೆ ಮೊದಲ ರೀಲನ್ನು ಎತ್ತಿ ಹಿಡಿದರು. ಕಾದ ಡೆವಲಪರಿನಲ್ಲಿ ಬೆಂದು, ಕೂಡಲೇ ಚಳಿಗಾಲದ ನಲ್ಲಿಯ ನೀರು ಕುಡಿದ ಫಿಲ್ಮಿನ ಮೈ ಪೂರ್ತಿ ಕಪ್ಪಾಗಿ, ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ಕೆಲವು ಕಡೆ ಕಪ್ಪು ಸಿಪ್ಪೆ ಸುಲಿದು ಅವರ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಅವರು ಬಿಚ್ಚಲಿಲ್ಲ, ಪುಟ್ಟಿ ಬಿಚ್ಚಿದಳು.

"ತಾತ, ಇದರಲ್ಲಿ ಅಜ್ಜಿ ಎಲ್ಲಿದಾಳೆ?"

"ಫಿಲ್ಮು ಹಳೇದು," ಅಂದರು ಮಾಸ್ಟರು. "ಅಂಗಡಿಯೋನು ಮೋಸ ಮಾಡಿದಾನೆ."

ಮಧ್ಯಾಹ್ನ ಎಲ್ಲರೂ ಊಟ ಮಾಡಿದರು. ಮಾಸ್ಟರು ಎರಡು ಸಲ ಹಾಕಿಸಿಕೊಂಡರು. ಸೊಸೆಗೆ ಅದೂ ನೆನಪಿದೆ.

ಎಂಟನೆಯ ದಿನ ಅತ್ತೆ ಮನೆಗೆ ಬಂದರು. ಮುಖದ ಎಡಭಾಗ ಕಿವಿಯ ಕೆಳಗಿನಿಂದ ಒಳಗೆ ಕುಸಿದು, ತುಟಿ ಅತ್ತ ಎಳೆದುಕೊಂಡಿತ್ತು. ಮಾತು ಬರುತ್ತಿರಲಿಲ್ಲ. ಚಮಚದಲ್ಲಿ ಗಂಜಿ ಹಾಕಿದರೆ ಅರ್ಧ ಹೊರಗೆ ಬರುತ್ತಿತ್ತು, ಸೊಸೆ ಒರೆಸುತ್ತಿದ್ದಳು. ಪುಟ್ಟಿ ತನ್ನ ಸ್ಲೇಟನ್ನು ಅಜ್ಜಿಗೆ ಕೊಟ್ಟಿದ್ದಳು. ಮೊದಲ ದಿನವೇ ಅದರ ಮೇಲೆ ಅತ್ತೆ ‘ಫೋಟೋ’ ಎಂದು ಬರೆದು ಗಂಡನ ಕಡೆ ಹಿಡಿದರು.

"ಫಿಲ್ಮು ಹಳೇದು," ಅಂದರು ಮಾಸ್ಟರು. "ಈ ಕಾಲದಲ್ಲಿ ಮಾಲೇ ಸರಿಯಿಲ್ಲ." ಹೇಳಿ ಮುಂದಿನ ಕೋಣೆಗೆ ಹೋಗಿ, ಪೊಲೀಸ್ ಅಧಿಕಾರಿಯ ಗಾಜು ಒರೆಸತೊಡಗಿದರು. ಅವರು ಎಂದೂ ಮಾಡದ ಕೆಲಸ.

ಅತ್ತೆ ಸ್ಲೇಟು ಒರೆಸಿ ‘ನೀರು?’ ಎಂದು ಬರೆದು ಸೊಸೆಯ ಕಡೆ ತಿರುಗಿಸಿದರು.

"ನಾನೇ ಇಟ್ಟೆ ಅತ್ತೆ. ಸರಿಯಾಗೇ ಇಟ್ಟೆ, ಇಪ್ಪತ್ತು. ಥರ್ಮಾಮೀಟರು ಅದರಲ್ಲೇ ಇತ್ತು. ಅವರು ನೋಡಿ ಚೆಲ್ಲಿಬಿಟ್ರು."

ಅತ್ತೆ ಮತ್ತೆ ಒರೆಸಿದರು. ನಿಧಾನವಾಗಿ ಬರೆದರು: ‘ಅದರಲ್ಲೇ ಯಾಕೆ ಬಿಟ್ಟೆ?’

ಸೊಸೆ ಗಂಜಿಯ ಬಟ್ಟಲು ಎತ್ತಿಕೊಂಡು, ಬಿಸಿ ಎಷ್ಟಿದೆ ಎಂದು ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡಳು. ಆ ಮುಖವನ್ನು ಮತ್ತೆ ತೆಗೆಯೋಣ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ, ಅತ್ತೆಯೂ ಕೇಳಲಿಲ್ಲ.

ಹಾಳಾದದ್ದು ಮೂರು ರೀಲು, ಮೂವತ್ತಾರು ಚಿತ್ರ. ಮೂವತ್ತನಾಲ್ಕು ಅತ್ತೆಯದು. ಒಂದು ಬೆಕ್ಕಿನದು. ಒಂದು ಗಂಡ ಹೆಂಡತಿ ಇಬ್ಬರದು.